ನಸುಕಿಗೆ ನಾನು ಹಾಕಿದ ಬೆಳಕು

ಬ್ರಹ್ಮಾವರದ ಕಡೆಯ ಕಾಲೇಜೊಂದರಲ್ಲಿ ಅನಿಮೇಶನ್ ಕೋರ್ಸು ಶುರುವಾಗಿದೆ. ಅಲ್ಲಿ ಪಾಠ ಹೇಳುವ ಯುವತಿಯೊಬ್ಬರು ಬೀಜಾಡಿಯ ನನ್ನ ಮನೆಗೆ ಬಂದು, “ನೀವು ಇಷ್ಟು ವರ್ಷ ಮಾಡಿದ ಕೆಲಸ ನಿಜವಾಗಿ ಹೇಗಿತ್ತು ಅಂತ ನಮ್ಮ ವಿದ್ಯಾರ್ಥಿಗಳಿಗೆ ಬರೆದುಕೊಡಿ ಸರ್” ಎಂದರು. ಸುಲಭದ ಕೆಲಸ ಎಂದುಕೊಂಡು ಒಪ್ಪಿದೆ. ನಾಲ್ಕು ಸಲ ಬರೆದು ನಾಲ್ಕು ಸಲ ಹರಿದಿದ್ದೇನೆ. ಬರೆದ ಪ್ರತಿಯೊಂದರಲ್ಲೂ ನಾನು ತಕ್ಕಮಟ್ಟಿಗೆ ಒಳ್ಳೆಯವನಾಗಿ ಕಾಣುತ್ತಿದ್ದೆ. ನನಗೆ ಅನುಮಾನ ಬಂದದ್ದು ಅಲ್ಲೇ.

ಆದ್ದರಿಂದ ಮುಚ್ಚಿಡಬಹುದಾದದ್ದನ್ನು ಈ ಸಲ ಮೊದಲೇ ಹೇಳಿಬಿಡುತ್ತೇನೆ. ಒಂಬತ್ತು ವರ್ಷದ ಹಿಂದೆ ನಾನು ಕಂಪ್ಯೂಟರಿನಲ್ಲಿ ತಯಾರಿಸಿದ ಎರಡು ನಿಮಿಷದ ಒಂದು ಚಿತ್ರದಿಂದಾಗಿ, ಉಪ್ಪುಂದದ ಕಡೆಯ ಶೇಖರಣ್ಣ ಎಂಬವರು ಬೋಟಿನ ಚುಕ್ಕಾಣಿ ಬಿಟ್ಟರು. ಅವರು ತಾಂಡೇಲರು, ಎಂದರೆ ಬೋಟು ನಡೆಸುವ ಮುಖ್ಯಸ್ಥರು. ಎದುರಿಗಿದ್ದ ಸಣ್ಣ ದೋಣಿಯನ್ನು ಕಂಡೂ ಅವರು ಅದಕ್ಕೆ ಬೋಟು ಗುದ್ದಿಸಿದರು ಎಂದು ಊರು ನಂಬಿತು. ಕೊನೆಗೆ ಅವರೇ ನಂಬಿದರು. ಆ ಚಿತ್ರದಲ್ಲಿ ನಾನು ಒಂದು ಬೆಳಕನ್ನು ಏರಿಸಿದ್ದೆ. ಎಷ್ಟು ಏರಿಸಿದೆ, ಏರಿಸಿದ್ದೇನೆ ಎಂದು ಸಭೆಗೆ ಹೇಳಿದೆನೋ ಇಲ್ಲವೋ ಎಂಬುದೇ ಈ ಬರಹದ ವಿಷಯ. ಉಳಿದದ್ದೆಲ್ಲ ಅದರ ಅಕ್ಕಪಕ್ಕದ್ದು.

ನಮ್ಮ ಕೆಲಸಕ್ಕೆ ಕಾಂಪೊಸಿಟಿಂಗ್ ಎನ್ನುತ್ತಾರೆ. ಬೇರೆ ಬೇರೆ ಕಡೆ ತಯಾರಾದ ಚಿತ್ರಗಳನ್ನು ಪದರ ಪದರವಾಗಿ ಒಂದರ ಹಿಂದೆ ಒಂದು ನಿಲ್ಲಿಸಿ, ಅವೆಲ್ಲ ಒಂದೇ ಜಾಗದಲ್ಲಿ ಒಂದೇ ಹೊತ್ತಿನಲ್ಲಿ ಇದ್ದವು ಎಂದು ನೋಡುವವರು ನಂಬುವಂತೆ ಮಾಡುವುದು. ಹಾಗೆ ನಂಬಿಸುವುದು ಬೆಳಕು. ತಂತ್ರಾಂಶದೊಳಗೆ ನಾಲ್ಕು ಬಗೆಯ ದೀಪಗಳಿರುತ್ತವೆ. ಒಂದು ಬಿಸಿಲಿನ ಹಾಗೆ ಒಂದೇ ದಿಕ್ಕಿನಿಂದ ಬರುತ್ತದೆ. ಒಂದು ಟಾರ್ಚಿನ ಹಾಗೆ, ಇನ್ನೊಂದು ಬಲ್ಬಿನ ಹಾಗೆ. ನಾಲ್ಕನೆಯದು ಆಂಬಿಯೆಂಟ್. ಅದಕ್ಕೆ ಇಂಥ ಜಾಗ ಎಂಬುದಿಲ್ಲ, ದಿಕ್ಕಿಲ್ಲ, ಅದು ನೆರಳು ಬೀಳಿಸುವುದಿಲ್ಲ. ಅದಕ್ಕಿರುವುದು ಬಣ್ಣ ಮತ್ತು ಶೇಕಡಾ ಲೆಕ್ಕದ ಒಂದು ಸಂಖ್ಯೆ. ಸಂಖ್ಯೆ ಏರಿಸಿದರೆ ಮೂಲೆಮೂಲೆಯೂ ಒಂದೇ ಸಮ ಬೆಳಗುತ್ತದೆ.

ಭೌತಶಾಸ್ತ್ರದಲ್ಲಿ ಎಂ.ಎಸ್ಸಿ. ಮುಗಿಸಿ ಬಂದಿದ್ದ ನನಗೆ ಮೊದಲ ದಿನವೇ ಅದು ಮೋಸ ಅನ್ನಿಸಿತು. ಲೋಕದಲ್ಲಿ ಅಂಥ ಬೆಳಕಿಲ್ಲ. ಕೋಣೆಯ ಮೂಲೆಯಲ್ಲಿ ಕಾಣುವ ಮಂದ ಬೆಳಕೂ ಎಲ್ಲಿಂದಲೋ ಹೊರಟು, ಗೋಡೆಗೆ ಬಡಿದು, ನೆಲಕ್ಕೆ ಬಡಿದು ಅಲ್ಲಿಗೆ ತಲುಪಿದ್ದು. ಆ ಲೆಕ್ಕ ಹಾಕುವಷ್ಟು ಶಕ್ತಿ ಆಗಿನ ಯಂತ್ರಗಳಿಗಿರಲಿಲ್ಲ. ಹಾಗಾಗಿ ಎಲ್ಲವನ್ನೂ ಒಂದು ಸಂಖ್ಯೆಯಲ್ಲಿ ಮುಗಿಸಿದ್ದರು.

ಹಾಲಾಡಿಯ ನಮ್ಮ ಮನೆಯವರಿಗೆ ಮುಂಬಯಿ ಎಂದರೆ ಹೋಟೆಲು. ಚಿಕ್ಕಪ್ಪನ ಹೋಟೆಲಿನ ಗಲ್ಲಾದಲ್ಲಿ ಕೂರಲು ಹೋದವನು ಎದುರು ಕಟ್ಟಡದ ಜಾಹೀರಾತು ಸ್ಟುಡಿಯೋ ಸೇರಿಕೊಂಡೆ. ಚಿಕ್ಕಪ್ಪ ಮೂರು ತಿಂಗಳು ಮಾತು ಬಿಟ್ಟರು. ಸ್ಟುಡಿಯೋದಲ್ಲಿ ನನ್ನ ಮೇಲಿದ್ದವರು ಕುಲಕರ್ಣಿ ಎಂಬ ಒಣಕಲು ಮನುಷ್ಯ. ನಾನು ಮಾಡಿದ್ದನ್ನು ನೋಡುವ ಮೊದಲೇ ಕೈಯಿಂದ ಮೌಸ್ ಕಿತ್ತುಕೊಂಡು ಆಂಬಿಯೆಂಟನ್ನು ಸೊನ್ನೆಗೆ ಇಳಿಸುತ್ತಿದ್ದರು. “ಆಧೀ ಅಂಧಾರ್ ಕರ್!” ಮೊದಲು ಕತ್ತಲೆ ಮಾಡು ಎಂದು ಅದರರ್ಥ. ಪರದೆ ಪೂರ್ತಿ ಕಪ್ಪಾದ ಮೇಲೆ ಒಂದೊಂದೇ ದೀಪ ಹಾಕಿಸುವರು. ಪ್ರತಿ ದೀಪಕ್ಕೂ “ಇದು ಎಲ್ಲಿಂದ ಬಂತು?” ಎಂಬ ಪ್ರಶ್ನೆ. ಕಿಟಕಿಯಿಂದ ಎಂದರೆ “ಕಿಟಕಿ ತೋರಿಸು” ಎನ್ನುವರು. ಎಲ್ಲ ಮುಗಿದ ಮೇಲೆ ಆಂಬಿಯೆಂಟಿಗೆ ಐದೋ ಎಂಟೋ ಕೊಡುವರು. ಅದಕ್ಕಿಂತ ಹೆಚ್ಚು ಹಾಕುವವರನ್ನು ಸುಣ್ಣ ಬಳಿಯುವವರು ಎಂದು ಹೀಯಾಳಿಸುತ್ತಿದ್ದರು.

ಒಂದು ದಿನ ನಾನು ತಿರುಗಿ ಕೇಳಿದೆ: “ಸರ್, ನಿಮ್ಮ ಈ ಐದು ಎಲ್ಲಿಂದ ಬಂತು?” ಅವರು “ನನ್ನ ಸೋಮಾರಿತನದಿಂದ” ಎಂದರು.

ಈ ಪ್ರಸಂಗವನ್ನು ನಾನು ಎಷ್ಟೋ ಕಡೆ ಹೇಳಿದ್ದೇನೆ. ಹೇಳಿದಾಗಲೆಲ್ಲ ಜನ ನಕ್ಕಿದ್ದಾರೆ. ಈಗ ಬರೆಯುವಾಗ ಕೈ ತಡೆಯುತ್ತದೆ. ಕುಲಕರ್ಣಿ ನಿಜಕ್ಕೂ ಹಾಗೆ ಹೇಳಿದ್ದರೇ, ಇಲ್ಲ ಎರಡನೆಯ ಸಲವೋ ಮೂರನೆಯ ಸಲವೋ ಹೇಳುವಾಗ ನಾನೇ ಸೇರಿಸಿಬಿಟ್ಟೆನೇ? ಕೇಳೋಣವೆಂದರೆ ಅವರು ಬದುಕಿಲ್ಲ. ಮೌಸ್ ಕಿತ್ತುಕೊಳ್ಳುತ್ತಿದ್ದದ್ದು ಮಾತ್ರ ನಿಜ. ಅವರ ಉಗುರು ತಾಗಿದ ಗೀರು ನನ್ನ ಕೈಮೇಲೆ ಆಗಾಗ ಇರುತ್ತಿತ್ತು.

ಹತ್ತು ಹನ್ನೆರಡು ವರ್ಷದ ನಂತರ ಮುಂಬಯಿ ಸಾಕಾಗಿ ಕುಂದಾಪುರಕ್ಕೆ ಬಂದು ಸ್ವಂತ ಸ್ಟುಡಿಯೋ ಮಾಡಿದೆ. ಮೊದಲ ಕೆಲಸವೇ ಎಡವಟ್ಟು. ಪೇಟೆಯ ಹೋಟೆಲೊಂದಕ್ಕೆ ಕೇಬಲ್ ಟಿವಿ ಜಾಹೀರಾತು. ನೀರುದೋಸೆ, ಕೋಳಿಸಾರು. ತಟ್ಟೆಯನ್ನು ಒಂದು ಕಡೆ, ಮೇಜನ್ನು ಇನ್ನೊಂದು ಕಡೆ ಚಿತ್ರ ತೆಗೆದಿದ್ದೆ. ಎರಡರ ಬೆಳಕೂ ಹೊಂದಲಿಲ್ಲ. ಹೊಂದದ್ದನ್ನು ಮರೆಮಾಡಲು ಆಂಬಿಯೆಂಟ್ ಏರಿಸಿದೆ. ತಟ್ಟೆಯ ಅಡಿಯ ನೆರಳು ಮಾಯವಾಯಿತು. ನಾನು ಗಮನಿಸಲಿಲ್ಲ. ಮಾಲಕರು ಗಮನಿಸಿದರು.

“ಹ್ವಾಯ್ ಶೆಟ್ರೇ, ದ್ವಾಸಿ ಎಂತಕೆ ಹಾರ್ತಿತ್ತ್?”

“ಹಾರುತ್ತಿಲ್ಲ, ತಟ್ಟೆ ಮೇಜಿನ ಮೇಲೇ ಇದೆ” ಎಂದೆ.

“ನೀವ್ ಓದಿದವ್ರ್, ಇದ್ದೀತ್. ನನ್ ಗಿರಾಕಿಗ್ಳಿಗೆ ಮಾತ್ರ ಹಾರುದೇ ಕಾಂತ್.”

ನಾನು ನೆರಳಿನ ಬಗ್ಗೆ ಸಣ್ಣ ಉಪನ್ಯಾಸ ಕೊಟ್ಟೆ. ಅವರು ತಾಳ್ಮೆಯಿಂದ ಕೇಳಿ, “ಅದೆಲ್ಲ ಸಮ. ದ್ವಾಸಿ ಕೆಳಗ್ ಇಳ್ಸಿ” ಎಂದರು. ಆಮೇಲೆ ಎಷ್ಟೋ ದಿನ ನಾನು ಆ ಹೋಟೆಲಿಗೆ ಹೋದಾಗಲೆಲ್ಲ ಸಪ್ಲೈಯರ್ ಒಳಗೆ ತಿರುಗಿ ಕೂಗುತ್ತಿದ್ದ: “ಶೆಟ್ರಿಗೆ ಒಂದ್ ಹಾರು ದ್ವಾಸಿ!”

ಹೊಸಬರಿಗೆ ಹೇಳಬೇಕಾದದ್ದು ಇಲ್ಲೊಂದಿದೆ. ಗಿರಾಕಿ ನಿಮ್ಮಿಂದ ಯಾವತ್ತೂ ಕತ್ತಲೆ ಕೇಳುವುದಿಲ್ಲ. ಮನೆ ಕಟ್ಟುವವರು, ಚಿನ್ನದ ಅಂಗಡಿಯವರು, ಮದುವೆ ಹಾಲಿನವರು, ಎಲ್ಲರದ್ದೂ ಒಂದೇ ಮಾತು: ಒಂಚೂರು ಬೆಳಕು ಮಾಡಿ. ಬೇಸರ ಬಂದು ನೀವೂ ಅವರು ಕೇಳುವ ಮೊದಲೇ ಬೆಳಕು ಮಾಡಿಡುತ್ತೀರಿ. ಕುಲಕರ್ಣಿಯವರ ಐದು ನನ್ನ ಕೈಯಲ್ಲಿ ಹತ್ತಾಯಿತು, ಇಪ್ಪತ್ತಾಯಿತು, ಮೂವತ್ತಾಯಿತು. ಯಾವ ವರ್ಷ ಎಷ್ಟಾಯಿತು ಎಂದು ಕೇಳಿದರೆ ಹೇಳಲಾರೆ. ಬೆರಳು ತಾನಾಗಿ ಹೋಗುತ್ತಿತ್ತು.

ಮಳೆಗಾಲ ಮುಗಿದು ಬೋಟುಗಳು ಮತ್ತೆ ಕಡಲಿಗಿಳಿದ ಕೆಲವು ವಾರಗಳ ಮೇಲೆ ಒಂದು ಮೀನುಗಾರರ ಸಂಘದ ಕಾರ್ಯದರ್ಶಿ ಗಣಪತಣ್ಣ ಸ್ಟುಡಿಯೋದ ಮೆಟ್ಟಿಲು ಹತ್ತಿ ಬಂದರು. ಆದದ್ದು ಇಷ್ಟು. ಸೂರ್ಯ ಹುಟ್ಟುವ ಮೊದಲು, ಮೋಡ ಕವಿದ ನಸುಕಿನಲ್ಲಿ, ಶೇಖರಣ್ಣನ ಬೋಟು ದಡಕ್ಕೆ ಮರಳುತ್ತಿತ್ತು. ದಾರಿಯಲ್ಲಿ ಬಾಬಣ್ಣ ಎಂಬವರು ಡಾಂಬರು ಬಳಿದ ಸಣ್ಣ ದೋಣಿಯಲ್ಲಿ ಒಬ್ಬರೇ ಇದ್ದರು. ದೋಣಿಯಲ್ಲಿ ದೀಪ ಇರಲಿಲ್ಲ. ಬೋಟು ದೋಣಿಗೆ ಬಡಿಯಿತು. ಬಾಬಣ್ಣನ ಎಡಗಾಲು ಮೊಣಕಾಲಿನಿಂದ ಕೆಳಗೆ ನಜ್ಜುಗುಜ್ಜಾಯಿತು. ನೀರಿಗೆ ಹಾರಿ ಅವರನ್ನು ಎತ್ತಿದ್ದು ಶೇಖರಣ್ಣನೇ. ಇಬ್ಬರೂ ಒಂದೇ ಪ್ರಾಯದವರು, ಒಟ್ಟಿಗೆ ಕಡಲಿಗೆ ಹೋಗಲು ಕಲಿತವರು. ಬಾಬಣ್ಣನ ತಂಗಿಯನ್ನು ಶೇಖರಣ್ಣನಿಗೆ ಕೊಟ್ಟಿತ್ತು. ಹಾಗಾಗಿ ಒಬ್ಬರಿಗೊಬ್ಬರು ಭಾವ.

ತನಗೆ ದೋಣಿ ಕಾಣಲಿಲ್ಲ ಎಂದು ಶೇಖರಣ್ಣ ಹೇಳುತ್ತಿದ್ದರು. ಬೆಳಕು ಹರಿದಿತ್ತು, ತಾನು ಎದ್ದು ನಿಂತು ಬಲೆ ಎಳೆಯುತ್ತಿದ್ದೆ, ಕಾಣದೆ ಇರುವುದು ಹೇಗೆ ಎಂದು ಬಾಬಣ್ಣ. ಸಂಘದ ಸಭೆ ಎರಡು ಸಲ ಕೂತರೂ ತೀರ್ಮಾನ ಆಗಲಿಲ್ಲ. “ಕಂಪ್ಯೂಟರಂಗೆ ಮಾಡ್ರೆ ಎಲ್ಲರಿಗೂ ಕಾಂತ್ ಅಲ್ದಾ?” ಎಂದು ಗಣಪತಣ್ಣ ನನ್ನನ್ನು ಕೇಳಿದರು.

ಬೇಡ ಎನ್ನಬೇಕಿತ್ತು. ಆದರೆ ನನಗೆ ಒಳಗೊಳಗೇ ಹುಮ್ಮಸ್ಸು ಬಂದಿತ್ತು. ದೋಸೆ, ಬಂಗಲೆ, ನೆಕ್ಲೇಸು ಮಾಡಿ ಮಾಡಿ ಸೋತಿದ್ದವನಿಗೆ ಮೊದಲ ಸಲ ಯಾರೋ ನಿಜ ತೋರಿಸಿ ಎಂದು ಕೇಳಿದ್ದರು. ಬೋಟಿನ ಎತ್ತರ ಅಳೆದೆ. ಅಂಥದೇ ದೋಣಿಯ ಚಿತ್ರ ತೆಗೆದೆ. ಒಂದು ದಿನ ನಸುಕಿನಲ್ಲಿ ಬೋಟು ಹತ್ತಿ ಕಡಲ ಬಣ್ಣ ನೋಡಿ ಬಂದೆ. ಕುಲಕರ್ಣಿಯವರನ್ನು ನೆನೆದು ಎಲ್ಲ ಕತ್ತಲೆ ಮಾಡಿ ಒಂದೊಂದೇ ಬೆಳಕು ಹಾಕಿದೆ. ತಾಂಡೇಲ ನಿಲ್ಲುವ ಜಾಗದಿಂದ ನೋಡಿದರೆ ದೋಣಿ ತೀರ ಹತ್ತಿರ ಬಂದ ಮೇಲೆ, ಕಪ್ಪಿನೊಳಗೆ ಇನ್ನೂ ಸ್ವಲ್ಪ ಕಪ್ಪಾಗಿ ಕಾಣುತ್ತಿತ್ತು. ನನ್ನ ಮಟ್ಟಿಗೆ ಅದು ಪ್ರಾಮಾಣಿಕ ಕೆಲಸ.

ಸಭೆ ಸೇರಿದ್ದು ಮೀನು ಹರಾಜು ಹಾಕುವ ಶೆಡ್ಡಿನಲ್ಲಿ. ಮೂರು ಬದಿ ಗೋಡೆ ಇಲ್ಲ. ಮಧ್ಯಾಹ್ನ ಮೂರು ಗಂಟೆಯ ಬಿಸಿಲು ಕಡಲ ಮೇಲಿಂದ ನೇರ ಒಳಗೆ ಬಡಿಯುತ್ತಿತ್ತು. ಇದ್ದ ಒಂದು ಗೋಡೆಯ ಮೇಲೆ ಪ್ರೊಜೆಕ್ಟರ್ ಬಿಟ್ಟೆವು. ಗೋಡೆ ಗೋಡೆಯಾಗಿಯೇ ಇತ್ತು.

“ಶೆಟ್ರೇ, ಕರೆಂಟ್ ಹೋಯ್ತಾ ಎಂತ?”

“ಸಮುದ್ರ ತೋರ್ಸಿ ಅಂದ್ರೆ ಮಸಿ ತೋರ್ಸ್ತಿದ್ರಲ್ಲೆ!”

ಶೆಡ್ಡು ತುಂಬ ನಗು. ಗಣಪತಣ್ಣ ನನ್ನ ಹತ್ತಿರ ಬಗ್ಗಿ, “ಒಂಚೂರ್ ಬೆಳ್ಕ್ ಮಾಡಿ ಕಾಂಬ” ಎಂದರು. ನಾನು ಆಂಬಿಯೆಂಟ್ ಏರಿಸಿದೆ. ಅರ್ಧ ಗಂಟೆ ಎಲ್ಲರೂ ಚಾ ಕುಡಿದರು, ಚಿತ್ರ ಮತ್ತೆ ತಯಾರಾಯಿತು. ಈ ಸಲ ದೋಣಿ ಚೆನ್ನಾಗಿ ಕಂಡಿತು. ಬಲೆ ಎಳೆಯುವ ಮನುಷ್ಯನೂ ಕಂಡ. ಬಹಳ ದೂರದಿಂದಲೇ ಕಂಡ.

ನಗು ನಿಂತಿತು. ಹಿಂದಿನಿಂದ ಯಾರೋ, “ಇಷ್ಟ್ ದೂರ್ದಿಂದ್ಲೇ ಕಾಂತಿತ್ತಲ್ಲೆ ಶೇಖ್ರ!” ಎಂದರು.

ಶೇಖರಣ್ಣ ಎದ್ದು ಗೋಡೆಯ ಹತ್ತಿರ ಬಂದರು. ಇನ್ನೊಮ್ಮೆ ಹಾಕಿ ಎಂದರು. ಹಾಕಿದೆ. ಮತ್ತೊಮ್ಮೆ ಎಂದರು. ಮೂರನೆಯ ಸಲ ನೋಡಿದ ಮೇಲೆ ಸಭೆಯ ಕಡೆ ತಿರುಗದೆ ಗೋಡೆಗೇ ಹೇಳಿದರು: “ಹಾಂಗಾರೆ ನಂಗೆ ಕಂಡಿರ್ಕ್.” ಕಂಡಿರಲೇಬೇಕು ಎಂದು. ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಕುರ್ಚಿಯಲ್ಲಿ ಕೂತಿದ್ದ ಬಾಬಣ್ಣ, ತನ್ನನ್ನು ಮನೆಗೆ ಕರಕೊಂಡು ಹೋಗಿ ಎಂದು ಕೈಸನ್ನೆ ಮಾಡಿದರು. ಮರುದಿನ ಶೇಖರಣ್ಣ ತಾವಾಗಿ ಬೋಟಿನ ಕೀಲಿಕೈ ಮಾಲಕರಿಗೆ ಕೊಟ್ಟುಬಂದರು. ಎರಡು ಮನೆಗಳ ನಡುವೆ ಹೋಗಿಬರುವುದು ನಿಂತಿತು.

ಈಗ ನನ್ನ ನೆನಪಿನ ವಿಷಯ. ಬೆಳಕು ಏರಿಸುವ ಮೊದಲು ನಾನು ಎದ್ದು ನಿಂತು, “ಇದು ನೋಡುವ ಅನುಕೂಲಕ್ಕೆ ಮಾತ್ರ. ನಿಜಕ್ಕೆ ಇಷ್ಟು ಬೆಳಕು ಇರಲಿಲ್ಲ” ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ್ದು ನನಗೆ ಸ್ಪಷ್ಟವಾಗಿ ನೆನಪಿತ್ತು. ಹತ್ತರಿಂದ ಇಪ್ಪತ್ತೈದಕ್ಕೆ ಏರಿಸಿದ್ದೂ ನೆನಪಿತ್ತು. ಶೆಡ್ಡಿನ ಮೀನಿನ ವಾಸನೆ, ಜನರ ತಲೆಯಾಡಿಕೆ, ಎಲ್ಲ ಸಹಿತ. ಒಂಬತ್ತು ವರ್ಷ ಈ ನೆನಪು ನನಗೆ ಒಳ್ಳೆಯ ನಿದ್ದೆ ಕೊಟ್ಟಿತು. ನಾನು ಹೇಳಿದ್ದೆ, ಅವರು ಕೇಳಿಸಿಕೊಳ್ಳಲಿಲ್ಲ, ನಾನೇನು ಮಾಡಲಿ ಎಂದುಕೊಂಡಿದ್ದೆ.

ಆ ವರ್ಷಗಳಲ್ಲಿ ಕೆಲಸದ ರೀತಿಯೇ ಬದಲಾಯಿತು. ಜಾಗದ ಸುತ್ತಲಿನ ಪೂರ್ತಿ ಬೆಳಕನ್ನು ಒಂದು ಗೋಳದ ಹಾಗೆ ಚಿತ್ರ ತೆಗೆದು ತಂದು ತಂತ್ರಾಂಶಕ್ಕೆ ಕೊಡುವ ವಿಧಾನ ಬಂತು. ಬೆಳಕು ಗೋಡೆಯಿಂದ ಗೋಡೆಗೆ ಬಡಿಯುವ ಲೆಕ್ಕವನ್ನು ಯಂತ್ರವೇ ಹಾಕತೊಡಗಿತು. ಈಗಂತೂ ಎರಡು ಚಿತ್ರ ಕೊಟ್ಟರೆ ಬೆಳಕನ್ನು ತಾನೇ ಊಹಿಸಿ ಹೊಂದಿಸಿಕೊಡುತ್ತದೆ. ಹೊಸಬರು ಪುಣ್ಯವಂತರು. ಆದರೆ ಊಹೆ ಎಲ್ಲಿ ಮಾಡಿತು ಎಂದು ಅದು ಹೇಳುವುದಿಲ್ಲ, ನಾವೂ ಕೇಳುವುದಿಲ್ಲ.

ನನ್ನನ್ನು ಮನೆಗೆ ಕಳುಹಿಸಿದ್ದು ಯಂತ್ರವಲ್ಲ, ಕಣ್ಣು. ಬ್ರಹ್ಮಾವರದಲ್ಲಿ ಮನೆ ಕಟ್ಟಿ ಮಾರುವವರೊಬ್ಬರಿಗೆ ಮನೆಗಳ ಚಿತ್ರ ಮಾಡಿಕೊಟ್ಟಿದ್ದೆ. ಅದು ದೊಡ್ಡ ಫ್ಲೆಕ್ಸ್ ಆಗಿ ಹೆದ್ದಾರಿ ಬದಿಯಲ್ಲಿ ನಿಂತಿತು. ಅವರು ನನ್ನನ್ನು ಅದರ ಎದುರೇ ಕರೆಸಿ, “ಇದ್ ಮನಿಯಾ, ಐಸ್ ಪ್ಲಾಂಟಾ?” ಎಂದು ಕೇಳಿದರು. ಗೋಡೆ, ಅಂಗಳ, ನಗುತ್ತಿರುವ ಸಂಸಾರ ಎಲ್ಲ ನೀಲಿಯಂತೆ. ನನಗೆ ಸರಿಯಾಗಿಯೇ ಕಾಣುತ್ತಿತ್ತು. ಜಗಳ ಆಡಿ ಬಂದೆ. ಕಣ್ಣಿನ ಡಾಕ್ಟರು ಪೊರೆ ಬಂದಿದೆ ಎಂದರು. ಪೊರೆಯಿಂದ ಲೋಕ ಹಳದಿಯಾಗಿ ಕಾಣುತ್ತಿದ್ದದ್ದರಿಂದ ನಾನು ವರ್ಷಗಟ್ಟಲೆ ಆಂಬಿಯೆಂಟಿಗೆ ನೀಲಿ ತುಂಬುತ್ತ ಬಂದಿದ್ದೆ. ಒಂದು ಕಣ್ಣಿನ ಆಪರೇಷನ್ ಆದ ಮೇಲೆ ಒಂದೊಂದೇ ಕಣ್ಣು ಮುಚ್ಚಿ ಬಿಳಿ ಗೋಡೆ ನೋಡಿದೆ. ಒಂದು ಬಿಳಿ, ಒಂದು ಹಳದಿ, ಎರಡು ಗೋಡೆಗಳು ಕಂಡವು. ಹೋಗಿ ಕ್ಷಮೆ ಕೇಳಿ, ಸ್ಟುಡಿಯೋ ಮುಚ್ಚಿದೆ.

ಕಾಲೇಜಿನವರು ಬರೆಯಿರಿ ಎಂದಾಗ ಹಳೆಯ ಹಾರ್ಡ್ ಡಿಸ್ಕುಗಳನ್ನು ಹೊರಗೆ ತೆಗೆದೆ. ಕಣ್ಣನ್ನೇ ನಂಬಲಾಗದವನು ನೆನಪನ್ನು ನಂಬಿ ಬರೆಯುವುದು ಹೇಗೆ? ದೋಣಿಯ ಕಡತ ಸಿಕ್ಕಿತು. ಇದು ಹಳೆಯ ಆವೃತ್ತಿಯದು, ಬದಲಾಯಿಸಿ ತೆರೆಯುತ್ತೇನೆ ಎಂದು ತಂತ್ರಾಂಶ ಹೇಳಿತು. ಎರಡು ಪ್ರತಿಗಳಿದ್ದವು. ಮೊದಲನೆಯದರಲ್ಲಿ ಆಂಬಿಯೆಂಟ್ ಎಂಟು. ಎರಡನೆಯದರಲ್ಲಿ ಅರವತ್ತು.

ಇಪ್ಪತ್ತೈದಲ್ಲ. ಅರವತ್ತು.

ಎದ್ದು ಹೊರಗೆ ಹೋಗಿ ಬಂದೆ. ಮತ್ತೆ ನೋಡಿದೆ. ಎರಡನೆಯ ಪ್ರತಿಯಲ್ಲಿ ಎಲ್ಲಕ್ಕಿಂತ ಮೇಲೆ ಒಂದು ಬರಹದ ಪದರವಿತ್ತು. ಹಳೆಯ ಕನ್ನಡ ಅಕ್ಷರಶೈಲಿ ಈ ಯಂತ್ರದಲ್ಲಿ ಇಲ್ಲದ್ದರಿಂದ ಅದು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ಸಾಲಾಗಿ ಕಾಣುತ್ತಿತ್ತು. ಆ ಅಕ್ಷರಶೈಲಿಯನ್ನು ಹುಡುಕಿ ಹಾಕಿದೆ. ಸಾಲು ಕನ್ನಡವಾಯಿತು: “ಬೆಳಕು ನೋಡುವ ಅನುಕೂಲಕ್ಕೆ ಮಾತ್ರ. ನಿಜಕ್ಕೆ ಇದಕ್ಕಿಂತ ಕತ್ತಲೆ.” ಪ್ರತಿ ಪದರದ ಪಕ್ಕದಲ್ಲಿ ಕಣ್ಣಿನ ಒಂದು ಸಣ್ಣ ಗುರುತಿರುತ್ತದೆ. ಅದನ್ನು ಒತ್ತಿದರೆ ಪದರ ಕಾಣದಂತಾಗುತ್ತದೆ. ಈ ಪದರದ ಕಣ್ಣು ಮುಚ್ಚಿತ್ತು.

ಬರೆದವನೂ ನಾನೇ, ಮುಚ್ಚಿದವನೂ ನಾನೇ. ಯಾಕೆ? ಅಕ್ಷರ ದೋಣಿಗೆ ಅಡ್ಡ ಬಂತೇ? ಶೆಡ್ಡಿನ ಲ್ಯಾಪ್‌ಟಾಪಿನಲ್ಲೂ ಅಕ್ಷರಶೈಲಿ ಇಲ್ಲದೆ, ಜನ ಇನ್ನಷ್ಟು ನಕ್ಕಾರೆಂದು ತೆಗೆದೆನೇ? ಎರಡೂ ನಂಬುವಂತಿವೆ. ಎರಡೂ ನೆನಪಿಲ್ಲ.

ಬಾಯಿಯಲ್ಲಾದರೂ ಹೇಳಿದ್ದೆನಲ್ಲ ಎಂದು ಸುಮತಿಗೆ ಫೋನ್ ಮಾಡಿದೆ. ಅವರು ಆಗ ಸ್ಟುಡಿಯೋದಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದವರು, ಅಂದು ಪ್ರೊಜೆಕ್ಟರ್ ನೋಡಿಕೊಂಡವರು.

“ನೀವ್ ಎಂತದೂ ಹೇಳ್ಲಿಲ್ಲೆ ಸರ್” ಎಂದರು. “ಗೋಡಿ ಕಂಡ್ಕಂಡ್ ನಿಂತಿದ್ರಿ. ಎರಡ್ನೇ ಸರ್ತಿ ಹಾಕಿದಾಗ, ಚೆಂದ ಬಂತ್ ಅಲ್ದಾ ಅಂತ ನಂಗೆ ಮೆಲ್ಲ ಹೇಳಿದ್ರಿ. ಅಷ್ಟೇ.”

ಸುಮತಿಯ ನೆನಪೂ ತಪ್ಪಿರಬಹುದು. ವಾದ ಮಾಡಿ ಗೆಲ್ಲಬಹುದಿತ್ತು. ಆದರೆ ‘ಚೆಂದ ಬಂತು’ ಎನ್ನುವುದು ನನ್ನ ಮಾತೇ. ಕೆಲಸ ಮುಗಿದಾಗಲೆಲ್ಲ ನಾನು ಹೇಳುವ ಮಾತು.

ಮರುದಿನ ಬೆಳಿಗ್ಗೆ ಲ್ಯಾಪ್‌ಟಾಪ್ ಹಿಡಿದು ಉಪ್ಪುಂದಕ್ಕೆ ಹೋದೆ. ಶೇಖರಣ್ಣ ರಸ್ತೆ ಬದಿಯ ಚಪ್ಪರದಡಿ ಬಲೆ ಹೆಣೆಯುತ್ತ ಕೂತಿದ್ದರು. ಈಗ ಅವರ ಕೆಲಸ ಅದೇ.

“ಎಂತ ಶೆಟ್ರೇ, ಅಪರೂಪದ್ ಸವಾರಿ?”

ನಿಂತೇ ಎಲ್ಲವನ್ನೂ ಹೇಳಿದೆ. ಅವರ ಕೈ ನಿಲ್ಲಲಿಲ್ಲ.

“ಆ ಬೆಳ್ಕ್ ನೀವ್ ಹಾಕಿದ್ದಾ?”

“ಹೌದು.”

“ಎಷ್ಟ್?”

“ಎಂಟು ಇದ್ದದ್ದನ್ನು ಅರವತ್ತು ಮಾಡಿದ್ದೆ.”

“ಅರವತ್ತ್ ಅಂದ್ರೆ ಎಂತ?”

ಮೂವತ್ತು ವರ್ಷ ತಿರುಗಿಸಿದ ಸಂಖ್ಯೆ. ಯಾವುದರ ಅರವತ್ತು ಎಂದು ಕೇಳಿದರೆ ನನ್ನಲ್ಲಿ ಹೇಳಲು ಏನೂ ಇಲ್ಲ.

ಅವರು ದಾರ ಕಚ್ಚಿ ತುಂಡು ಮಾಡಿದರು. “ಕಣ್ ಮುಚ್ಚಿರೆ ನಂಗೆ ಕಾಂಬುದ್ ನಿಮ್ ಸಿನೆಮಾವೇ ಶೆಟ್ರೇ. ಆ ದಿನದ್ ಸಮುದ್ರ ಹ್ಯಾಂಗಿದ್ದಿತ್ತ್ ಅಂಬುದ್ ಮರ್ತೇ ಹೋಯ್ತ್.”

“ಸಂಘಕ್ಕೆ ಹೋಗಿ ಹೇಳುತ್ತೇನೆ” ಎಂದೆ.

“ಸಂಘ ಇರ್ಲಿ. ಮೊದ್ಲ್ ಭಾವನಿಗ್ ಹೇಳಿ. ಕಂಡ್ಕಂಡೇ ಬಂದ ಅಂತ ಅಂವ ನನ್ ಮುಖ ಕಾಂಬುದಿಲ್ಲೆ.”

ನನ್ನ ಸ್ಕೂಟರಿನ ಹಿಂದೆ ಕೂತು ದಾರಿ ತೋರಿಸಿದರು. ಬಾಬಣ್ಣನ ಮನೆಯ ಬೇಲಿ ಬಂದಾಗ ಇಳಿದು ರಸ್ತೆಯಲ್ಲೇ ನಿಂತರು. ಬಾಬಣ್ಣ ಜಗಲಿಯಲ್ಲಿ ಎಡಗಾಲು ನೆಟ್ಟಗೆ ಚಾಚಿ ಕೂತಿದ್ದರು. ಆ ಕಾಲು ಮಡಚುವುದಿಲ್ಲ.

“ಯಾರ್, ಸಿನೆಮಾ ಶೆಟ್ರಾ? ಬನಿ, ಕೂಕಣಿ.”

ಕೂತು ಮತ್ತೊಮ್ಮೆ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿದರು. “ಒಂಬತ್ ವರ್ಷ ಆಯ್ತ್. ಈಗ ನೆನಪಾಯ್ತಾ ನಿಮ್ಗೆ?”

“ನೆನಪಾಗಲಿಲ್ಲ. ಕಡತ ನೋಡಿ ಗೊತ್ತಾಯಿತು” ಎಂದೆ. ಎಂಟರ ಪ್ರತಿಯನ್ನು ತೆರೆದು ಅವರ ಮುಂದಿಟ್ಟೆ. ಹನ್ನೊಂದು ಗಂಟೆಯ ಬಿಸಿಲು. ಪರದೆಯಲ್ಲಿ ಅವರ ಮುಖವೇ ಕಾಣುತ್ತಿತ್ತು. ಬಾಬಣ್ಣ ಹಗ್ಗದ ಮೇಲೆ ಒಣಗಿದ್ದ ಹೊದಿಕೆ ಎಳೆದು, ತಲೆಯನ್ನೂ ಲ್ಯಾಪ್‌ಟಾಪನ್ನೂ ಸೇರಿಸಿ ಮುಚ್ಚಿಕೊಂಡರು.

“ಎಂತದೂ ಇಲ್ಲೆ ಇದ್ರಂಗೆ” ಎಂದಿತು ಹೊದಿಕೆ.

“ಕೊನೆಗೆ ಬರುತ್ತದೆ, ನೋಡಿ.”

ಬಂತು ಅನ್ನಿಸುತ್ತದೆ. ಮತ್ತೆ ಹಾಕಿ ಎಂದರು. ಹೊದಿಕೆಯಡಿ ಕೈ ತೂರಿಸಿ ಹಾಕಿದೆ. ಆಮೇಲೆ ಹೊದಿಕೆಯೊಳಗಿಂದಲೇ ಗಟ್ಟಿಯಾಗಿ, “ಹ್ವಾಯ್ ಶೇಖ್ರ! ಬೇಲಿ ಹಿಡ್ಕಂಡ್ ಎಂತಕೆ ನಿಂತಿದ್ದೆ? ಬಾ ಇಲ್ಲಿ. ನೀ ಕಂಡದ್ದ್ ಇದೇಯಾ ಹೇಳ್!”

ಶೇಖರಣ್ಣ ಅಂಗಳ ದಾಟಿ ಬಂದರು. ಹೊದಿಕೆ ಒಂದು ಬದಿ ಎತ್ತಿತು. ಅವರ ತಲೆಯೂ ಒಳಗೆ ಹೋಯಿತು. ನಾನು ಹೊರಗೆ ನಿಂತು, ಕಾಣದ್ದನ್ನು ಕೇಳುತ್ತಿದ್ದೆ.

“ಬೋಟ್ ಇಷ್ಟ್ ಜೋರ್ ಬಂದದ್ದಾ?”

“ಬಂದದ್ದೇ ಭಾವ. ಖಾಲಿ ಬೋಟ್. ಮೀನೇ ಇದ್ದಿದ್ದಿಲ್ಲೆ.”

“ಇವ್ರ್ ನನ್ನ ನಿಲ್ಸಿದ್ರ್ ಕಾಣ್. ನಾ ಆಗ ಕೂತ್ಕಂಡಿದ್ದೆ.”

“ನಿಂತ್ ಬಲಿ ಎಳಿತಿದ್ದೆ ಅಂತ ಸಭೆಲಿ ಹೇಳಿದ್ದ್ ನೀನೇ ಅಲ್ದಾ?”

ಹೊದಿಕೆಯ ಬಾಬಣ್ಣನ ಬದಿ ಅಲುಗಿತು.

“ಹೇಳಿದ್ದ್ ಹೌದ್. ಕೂತಿದ್ದೆ ಮಾರಾಯ. ಬಡಗ ಮುಖ ಮಾಡಿ ಬೀಡಿ ಹಚ್ಚಿದ್ದೆ.”

ಅಡುಗೆಮನೆಯಿಂದ ಬಾಬಣ್ಣನ ಹೆಂಡತಿಯ ದನಿ ಬಂತು: “ಎಂತ ಹಚ್ಚಿದ್ರಿ? ಬೀಡಿಯಾ? ದೇವ್ರೆದ್ರ್ ಕೈ ಮುಗ್ದ್ ಬಿಟ್ಟೆ ಅಂದದ್ದ್ ಎಂತ ಹಾಂಗಾರೆ?”

“ಒಂದೇ ಒಂದ್ ಮಾರಾಯ್ತಿ!”

ಶೇಖರಣ್ಣ ಹೊದಿಕೆ ಸರಿಸಿ ತಲೆ ಹೊರಗೆ ತೆಗೆದರು. ಮುಖ ಬೆವತಿತ್ತು. “ಭಾವ, ಒಂದ್ ಕೆಂಪ್ ಚುಕ್ಕಿ ಕಂಡಿದ್ದಿತ್ತ್ ನಂಗೆ. ದೂರದ್ ಬೋಟಿನ್ ಲೈಟ್ ಅಂದ್ಕಂಡೆ.”

ಪ್ರತಿ ಬೋಟಿನ ಎಡಬದಿಗೆ ಕೆಂಪು ದೀಪ ಇರುತ್ತದೆ. ಕತ್ತಲಲ್ಲಿ ಹತ್ತಿರದ ಬೀಡಿಯೂ ದೂರದ ಆ ದೀಪವೂ ಒಂದೇ ಗಾತ್ರ. ನನ್ನ ಎರಡು ಪ್ರತಿಗಳಲ್ಲೂ ಆ ಬೀಡಿ ಇರಲಿಲ್ಲ. ಆ ನಸುಕಿನಲ್ಲಿ ಎಲ್ಲಿಂದ ಬಂತು ಎಂದು ಹೇಳಬಹುದಾಗಿದ್ದ ಬೆಳಕು ಅದೊಂದೇ.

ಇಲ್ಲಿಗೆ ಸುಮ್ಮನಿರಬೇಕಿತ್ತು. ಆಗಲಿಲ್ಲ. “ಶೇಖರಣ್ಣ, ಆ ಚುಕ್ಕಿ ನಿಮಗೆ ಮೊದಲೇ ನೆನಪಿತ್ತೋ, ಇಲ್ಲ ಈಗ ಬಾಬಣ್ಣ ಬೀಡಿ ಅಂದ ಮೇಲೆ ನೆನಪಾಯಿತೋ?” ಎಂದು ಕೇಳಿಬಿಟ್ಟೆ. ಕೇಳುವ ಹಕ್ಕು ನನಗೆ ಎಲ್ಲರಿಗಿಂತ ಕಡಿಮೆ ಇತ್ತು.

ಅವರು ನನ್ನನ್ನು ನೋಡಿದರು, ಬಾಬಣ್ಣನನ್ನು ನೋಡಿದರು. “ಗೊತ್ತಿಲ್ಲೆ ಶೆಟ್ರೇ. ನಿಜ ಹೇಳ್ತೆ, ಗೊತ್ತಿಲ್ಲೆ.”

ಕಟ್ಟಿದ್ದನ್ನು ನಾನೇ ಕೆಡವಿದೆ ಎಂದುಕೊಂಡೆ. ಬಾಬಣ್ಣ ಹೊದಿಕೆಯನ್ನು ತೊಡೆಯ ಮೇಲೆ ಮಡಚಿಕೊಳ್ಳುತ್ತಿದ್ದರು.

“ಅದ್ ಸಾಕ್” ಎಂದರು. “ಅವತ್ತ್ ಗೋಡಿ ಕಂಡ್ಕಂಡ್ ಕಂಡಿರ್ಕ್ ಅಂದ್ಯಲ್ಲ, ಅದ್ ನಂಗೆ ಕಾಲಿಗಿಂತ ನೋವಾದ್ದ್. ಗೊತ್ತಿಲ್ಲೆ ಅಂದಿದ್ರೆ ಅವತ್ತೇ ಮನಿಗ್ ಬಾ ಅಂತಿದ್ದೆ.”

ಶೇಖರಣ್ಣ ಜಗಲಿಯ ತುದಿಯಲ್ಲಿ ಕೂತರು. ಒಳಗಿಂದ, “ಶೇಖ್ರಣ್ಣ ಬಂದದ್ದಾ? ಗಂಜಿ ಆಯ್ತ್, ಉಂಡ್ಕಂಡೇ ಹೋಯ್ಕ್” ಎಂಬ ಮಾತು ಬಂತು. ಬೀಡಿಯ ಸಿಟ್ಟು ಅದರಲ್ಲಿ ಇನ್ನೂ ಇತ್ತು.

“ಬಪ್ಪು ಆಯ್ತ್ವಾರ ಸಂಘದ್ ಸಭೆ ಇತ್ತ್” ಎಂದರು ಬಾಬಣ್ಣ. “ಬೀಡಿ ವಿಷಯ ನಾನೇ ಹೇಳ್ತೆ. ನಗಾಡ್ರೆ ನಗಾಡ್ಲಿ.”

“ಭಾನುವಾರ ನಾನೂ ಬರುತ್ತೇನೆ” ಎಂದೆ. “ಎರಡೂ ಚಿತ್ರಗಳನ್ನು ಪಕ್ಕಪಕ್ಕ ಹಾಕಿ ವಿವರಿಸುತ್ತೇನೆ. ಬೇಕಾದರೆ ಬೀಡಿಯ ಬೆಳಕು ಸೇರಿಸಿ ಮೂರನೆಯದೊಂದು…”

ಬಾಬಣ್ಣ ಲ್ಯಾಪ್‌ಟಾಪ್ ಮುಚ್ಚಿ, ಎರಡೂ ಕೈಯಲ್ಲಿ ಎತ್ತಿ ನನಗೆ ಕೊಟ್ಟರು.

“ನೀವ್ ಬನಿ ಶೆಟ್ರೇ. ಬರ್ಕೇ. ಬಂದ್ ನಿಮ್ ಬಾಯಲ್ಲೇ ಹೇಳಿ. ಈ ಪೆಟ್ಟಿಗಿ ಮಾತ್ರ ಮನೇಲಿ ಇಟ್ಟ್ ಬನಿ.”